ಟಾಕಿ ಮೇಲೆ ಜಾವಾ, ಒಳಗೆ ಯೆಜ್ಡಿ

ತೇರದಾಳ, ಬನಹಟ್ಟಿ ಕಡೆ ಹಳೆ ಜಾವಾ ಮಾರುವವರ ಮೊದಲ ಮಾತು ಒಂದೇ: ‘ಅಗ್ದಿ ಒರಿಜಿನಲ್ ಐತ್ರಿ, ಅಜ್ಜಾರ ಕಾಲದ್ದು.’ ಅಜ್ಜಾರ ಕಾಲದ್ದು ಇದ್ದೀತು. ಒರಿಜಿನಲ್ ಹೌದೋ ಅಲ್ಲವೋ ಎಂಬುದನ್ನು ಮಾತ್ರ ನಾವೇ ಬಗ್ಗಿ ನೋಡಬೇಕು. ಜಾವಾಕ್ಕೆ ಬೆಲೆ ಏರಿದ ಮೇಲೆ ಯೆಜ್ಡಿಗೆ ಮೆರೂನ್ ಬಣ್ಣ ಬಳಿದು, ಟಾಕಿಗೆ ಜಾವಾ ಬಿಲ್ಲೆ ಹಚ್ಚಿ ನಿಲ್ಲಿಸುವವರು ಹುಟ್ಟಿಕೊಂಡಿದ್ದಾರೆ.

ವೇಷ ಹಾಕುವುದು ಸುಲಭ, ಏಕೆಂದರೆ ಎರಡೂ ಒಂದೇ ಮನೆಯವು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಚೆಕ್ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಜಾವಾ 250 ತಯಾರಿಕೆ ಶುರುಮಾಡಿತು. 1973ರ ಹೊತ್ತಿಗೆ ಹೆಸರು ಯೆಜ್ಡಿ ಆಯಿತು. ಆರಂಭದ ಯೆಜ್ಡಿಯಲ್ಲೂ ಅದೇ 248.5 ಸಿಸಿ ಟೂ-ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆದ ರಾಡನ್ನೇ ಮುಂದಕ್ಕೆ ಮಡಚಿದರೆ ಗೇರ್. 1978ರ ರೋಡ್‌ಕಿಂಗ್ ಅವಕ್ಕಿಂತ ಬಿರುಸು, 16 ಅಶ್ವಶಕ್ತಿಯದು. ಸುಳ್ಳು ಜಾವಾಕ್ಕೆ ಹಣ ಸುರಿಯುವ ಬದಲು ಪ್ರಾಮಾಣಿಕ ರೋಡ್‌ಕಿಂಗ್ ತಗೊಳ್ಳಿ ಎನ್ನುವ ಪೈಕಿ ನಾನು.

ಹೀಗೆ ವೇಷ ಹಾಕಿಸುವ ಕಸುಬು ನಮ್ಮಲ್ಲಷ್ಟೇ ಅಲ್ಲ. ಇಟಲಿಯ ಡುಕಾಟಿ 1974ರಲ್ಲಿ ತಯಾರಿಸಿದ 750 ಸೂಪರ್ ಸ್ಪೋರ್ಟ್ ಗಾಡಿಗಳು ಸುಮಾರು 400 ಮಾತ್ರ. ಸಾದಾ 750 ಜಿಟಿಯ ಚಾಸಿಗೆ ಸೂಪರ್ ಸ್ಪೋರ್ಟ್ ಚಾಸಿಯ ಹಸಿರು ಬಣ್ಣ ಹೊಡೆದು ದೊಡ್ಡ ಬೆಲೆಗೆ ದಾಟಿಸುವವರು ಅಲ್ಲೂ ಇದ್ದಾರೆ. ಬಲ್ಲವರು ಮೊದಲು ಓದುವುದು ಚಾಸಿ ನಂಬರನ್ನೇ.

ನಾವೂ ಅಲ್ಲಿಂದಲೇ ಶುರುಮಾಡೋಣ. ಹ್ಯಾಂಡಲ್ ಕತ್ತಿನ ಹತ್ತಿರದ ಚಾಸಿ ನಂಬರು, ಎಂಜಿನ್ ಮೇಲಿನ ನಂಬರು, ಆರ್‌ಸಿ ಪುಸ್ತಕ, ಮೂರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಉಜ್ಜಿ ಸಪಾಟು ಮಾಡಿ ಮತ್ತೆ ಕುಟ್ಟಿದ ಅಂಕಿ ಬೆರಳಿಗೇ ತಿಳಿಯುತ್ತದೆ. ಜಾವಾ ಮೇಲೆ ‘ಕೆಎ’ ಸಂಖ್ಯೆ ಕಂಡರೆ ಮೊದಲಿನ ಸಂಖ್ಯೆಯ ದಾಖಲೆ ಕೇಳಿ. ಜಾವಾ ಮಾರಾಟವಾಗುತ್ತಿದ್ದ ಕಾಲಕ್ಕೆ ‘ಕೆಎ’ ಇರಲೇ ಇಲ್ಲ. ಹಳೆ ದಾಖಲೆಯಲ್ಲಿ ಬಿಜಾಪುರ ಎಂದಿದ್ದರೆ ಗಾಬರಿ ಬೇಡ: ನಮ್ಮ ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ, ಅಲ್ಲಿಯತನಕ ನಾವೆಲ್ಲ ಬಿಜಾಪುರದವರು.

ಇನ್ನು ನಮ್ಮ ಸೀಮೆಯದೇ ಒಂದು ಪರೀಕ್ಷೆ ಇದೆ. ಕೃಷ್ಣೆ 2005ರಲ್ಲೂ 2019ರಲ್ಲೂ ದಂಡೆಯ ಊರುಗಳಿಗೆ ನುಗ್ಗಿದ್ದಳು. ನೀರಲ್ಲಿ ನಿಂತ ಗಾಡಿಗೆ ಹೊಸ ಬಣ್ಣ ಹೊಡೆಯಬಹುದು, ಹೆಡ್‌ಲೈಟ್ ಡಬ್ಬಿಯ ಒಳಗಿನ ರೇವೆಯನ್ನು ತೊಳೆಯುವವರು ಕಡಿಮೆ. ಸೀಟು ಎತ್ತಿಸಿ, ಹೆಡ್‌ಲೈಟ್ ಬಿಚ್ಚಿಸಿ, ಬ್ಯಾಟರಿ ಹೊಂದಿಸುವ ಕಡೆ ಬೆರಳಾಡಿಸಿ. ಚೈನನ್ನು ಪೂರಾ ಮುಚ್ಚುವ ಕವರನ್ನೂ ನೋಡಿ. ಎರೆ ನೆಲದ ರಾಡಿಯಿಂದ ಚೈನನ್ನು ಕಾಯುತ್ತಿದ್ದದ್ದು ಅದೇ, ಬಿಚ್ಚಿ ಬಿಸಾಡಿದ್ದೂ ಅದನ್ನೇ. ಇಲ್ಲಿನ ಗಾಡಿಗಳು ದುಡಿದ ಗಾಡಿಗಳು: ಹಾಲಿನ ಕ್ಯಾನು, ಮೇವು, ನೂಲಿನ ಗಂಟು ಹೊತ್ತವು. ಕ್ಯಾರಿಯರ್‌ಗೆಂದು ಚಾಸಿಗೆ ವೆಲ್ಡಿಂಗ್ ಮಾಡಿಸಿದ್ದರೆ ಆ ಗುರುತು ಹಿಂಬದಿಯಲ್ಲೇ ಇರುತ್ತದೆ.

ಕೊನೆಗೆ ಕಿಕ್ ಹೊಡೆಯಿರಿ, ಅದೂ ಎಂಜಿನ್ ತಣ್ಣಗಿದ್ದಾಗ. ನೀವು ಬರುವ ಮೊದಲೇ ಕಾಯಿಸಿಟ್ಟಿದ್ದರೆ ಚಹಾ ಕುಡಿದು ಕಾಯಿರಿ. ಟೂ-ಸ್ಟ್ರೋಕ್ ಹೊಗೆ ಬಿಡುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಒಳಗೆ ಎಳೆದುಕೊಳ್ಳುತ್ತಿದೆ ಎಂದು ತಿಳಿಯಿರಿ. ಡೈನಮೋ ಬದಿಯದು ಹೋಗಿದ್ದರೆ ಗಾಳಿ ಸೇರಿ, ಕೈ ಬಿಟ್ಟರೂ ರೇಸ್ ತಾನಾಗಿ ಏರುತ್ತದೆ. ಸೀಲಿನ ಬೆಲೆ ಹೆಚ್ಚಲ್ಲ. ಅದನ್ನು ಅಲಕ್ಷಿಸಿ ಪಿಸ್ಟನ್ ಜಾಮ್ ಆದರೆ ಬೋರ್ ಕೆಲಸ ಬೀಳುತ್ತದೆ. ಚೌಕಾಸಿ ಮಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಒಯ್ಯಬಹುದೇ ಹೊರತು ದಿನಾ ಓಡಿಸುವಂತಿಲ್ಲ. ತೇರದಾಳದಿಂದ ಮುಧೋಳದ ಸಂತೆಗೆ ಅದರ ಮೇಲೇ ಹೋಗಿಬರುವ ಆಸೆ ಇದ್ದವರು ಸಾದಾ ಆರ್‌ಸಿಯನ್ನೇ ನವೀಕರಿಸಿಕೊಳ್ಳಲಿ.