ಅವಧಾನದ ಬೆಲೆ: ಮೆಕ್‌ಗಿಲ್‌ಕ್ರಿಸ್ಟ್ ಕೃತಿಯ ಒಂದು ವಿಮರ್ಶೆ

ಇಯಾನ್ ಮೆಕ್‌ಗಿಲ್‌ಕ್ರಿಸ್ಟ್ ಅವರ ‘ದ ಮಾಸ್ಟರ್ ಅಂಡ್ ಹಿಸ್ ಎಮಿಸರಿ’ (2009) ಮಿದುಳಿನ ಎಡ-ಬಲ ಅರ್ಧಗೋಳಗಳ ಭೇದವನ್ನು ಹೊಸದಾಗಿ ನಿರೂಪಿಸುತ್ತದೆ. ತರ್ಕ ಎಡಕ್ಕೆ, ಭಾವ ಬಲಕ್ಕೆ ಎಂಬ ಜನಪ್ರಿಯ ವಿಭಜನೆಯನ್ನು ಅವರು ಒಪ್ಪುವುದಿಲ್ಲ. ಅವರ ಪ್ರಕಾರ ಭೇದವಿರುವುದು ಕೆಲಸದಲ್ಲಲ್ಲ, ಅವಧಾನದ ರೀತಿಯಲ್ಲಿ. ಕೋಳಿಯು ಮಣ್ಣಿನಲ್ಲಿ ಜೋಳದ ಕಾಳನ್ನು ಆಯುವಾಗಲೂ ಹದ್ದಿನ ಎಚ್ಚರ ತಪ್ಪದು; ಆಯುವ ನೋಟ ಎಡಗೋಳದ್ದು, ವಿಶಾಲವಾದ ಎಚ್ಚರ ಬಲಗೋಳದ್ದು.

ಈ ವಿವೇಚನೆ ಬೆಲೆಯುಳ್ಳದ್ದು. ಆದರೆ ಅಲ್ಲಿಂದ ಇಡೀ ಪಾಶ್ಚಾತ್ಯ ನಾಗರಿಕತೆಯ ಚರಿತ್ರೆಗೆ ಲೇಖಕರು ಜಿಗಿಯುವಾಗ ವಾದ ಸಡಿಲವಾಗುತ್ತದೆ. ಕಿವಿಗೊಡದಿರುವುದು ಕೇವಲ ಅಂಗದ ದೋಷವಲ್ಲ; ಸತ್ಯವೇದವು ಅದನ್ನು ಹೃದಯದ ಕಾಠಿಣ್ಯವೆಂದು ಎಣಿಸುತ್ತದೆ.

ಕೃತಕ ಬುದ್ಧಿಮತ್ತೆಯು ಆಪ್ತಸಮಾಲೋಚನೆಗೆ ಇಳಿದಿರುವ ಈ ಕಾಲದಲ್ಲಿ ಪ್ರಶ್ನೆ ತೀಕ್ಷ್ಣವಾಗಿದೆ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ರಚಿಸಿದ ‘ಎಲಿಝಾ’ ಬಳಕೆದಾರರ ಮಾತನ್ನೇ ಪ್ರಶ್ನೆಯಾಗಿ ಹಿಂದಿರುಗಿಸುತ್ತಿತ್ತು. ಆದರೂ ಜನರು ಅದಕ್ಕೆ ಮನಸ್ಸು ಬಿಚ್ಚಿದರು. ಅದನ್ನು ಕಂಡು ಕಳವಳಗೊಂಡ ಅವರು, ಯಂತ್ರಕ್ಕೆ ಸಾಧ್ಯವಾದರೂ ಒಪ್ಪಿಸಬಾರದ ಕೆಲಸಗಳಿವೆಯೆಂದು 1976ರಲ್ಲಿ ವಾದಿಸಿದರು.

ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯ ನಮಗೆ ಇಲ್ಲಿ ಅಳತೆಗೋಲು. ರಕ್ತಸ್ರಾವದ ಸ್ತ್ರೀ ಉಡುಪನ್ನು ಮುಟ್ಟಿದೊಡನೆ ಗುಣವಾಗಿದ್ದಳು. ಫಲವೊಂದೇ ಮುಖ್ಯವಾಗಿದ್ದರೆ ಯೇಸು ನಿಲ್ಲಬೇಕಿರಲಿಲ್ಲ. ಆತನು ನಿಂತನು, ಹುಡುಕಿದನು, ಅವಳ ಮಾತೆಲ್ಲವನ್ನೂ ಕೇಳಿದನು. ಅಷ್ಟರಲ್ಲಿ ಯಾಯೀರನ ಮಗಳು ತೀರಿಹೋದ ಸುದ್ದಿ ಬಂತು. ನಿಜವಾದ ಅವಧಾನಕ್ಕೆ ಬೆಲೆಯಿದೆ. ದಣಿಯದ ಯಂತ್ರವು ಕೇಳುವಾಗ ಏನನ್ನೂ ಕಳೆದುಕೊಳ್ಳುವುದಿಲ್ಲ. ಆದ್ದರಿಂದ ಅದು ಏನನ್ನೂ ಅರ್ಪಿಸುವುದೂ ಇಲ್ಲ.

ಹಾಗೆಂದು ಯಂತ್ರವನ್ನು ಖಂಡಿಸಿ ಸುಮ್ಮನಾಗುವುದು ಸುಲಭದ ದಾರಿ. ನಿಮ್ಹಾನ್ಸ್ ಇರುವ ಬೆಂಗಳೂರು ಹುಮನಾಬಾದಿಗೆ 600 ಕಿ.ಮೀ.ಗೂ ದೂರ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ (14416) ದೂರವಾಣಿಯಲ್ಲಿ ಮನುಷ್ಯರ ದನಿಯನ್ನು ಒದಗಿಸಿದೆ. ಆದರೂ ಪಕ್ಕದಲ್ಲಿ ಕುಳಿತು ಕೇಳುವವರ ಸ್ಥಾನ ತೆರವಾಗಿಯೇ ಇದೆ. ನಡುರಾತ್ರಿ ಮೊಬೈಲಿಗೆ ದುಃಖ ತೋಡಿಕೊಳ್ಳುವ ಯುವಕನನ್ನು ದೂರುವ ಮೊದಲು, ಅವನಿಗೆ ಬೇರೆ ಯಾರ ಬಾಗಿಲು ತೆರೆದಿತ್ತು ಎಂದು ನಮ್ಮ ಸಭೆಗಳು ಕೇಳಿಕೊಳ್ಳಬೇಕು. ಹನ್ನೆರಡನೆಯ ಶತಮಾನದಲ್ಲಿ ನಾನಾ ಕಾಯಕದ ಶರಣರು ಒಟ್ಟಿಗೆ ಕುಳಿತು ಅನುಭವ ಹಂಚಿಕೊಂಡ ನೆನಪನ್ನು ಉಳಿಸಿಕೊಂಡ ಊರು ಬಸವಕಲ್ಯಾಣ. ಆ ನೆಲದ ಸಭಾಪಾಲಕರು ಆರಾಧನೆ ಮುಗಿದ ಮೇಲೆ ಒಂದು ಗಂಟೆ ಕೇಳುವುದಕ್ಕಾಗಿಯೇ ಕುಳಿತರೆ, ಮೆಕ್‌ಗಿಲ್‌ಕ್ರಿಸ್ಟ್ ಅವರ ಗ್ರಂಥಕ್ಕೆ ಅದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.