ತಲೆಗೆ ಕರೆಂಟ್: ವೋಲ್ಟ್ ಎಷ್ಟೆಂದು ಕೇಳಿದರೆ ಸಾಲದು

ತೀವ್ರ ಖಿನ್ನತೆಯಿಂದ ಅನ್ನ ನೀರು ಬಿಟ್ಟ ರೋಗಿಗೆ ವೈದ್ಯರು ವಿದ್ಯುತ್ ಸೆಳವು ಚಿಕಿತ್ಸೆ (ಇ.ಸಿ.ಟಿ.) ಸೂಚಿಸಿದರೆ ಮನೆಯವರು ಬೆಚ್ಚುತ್ತಾರೆ. 'ಎಷ್ಟು ವೋಲ್ಟ್ ಕೊಡುತ್ತಾರೆ?' ಎಂಬುದೇ ಅವರ ಮೊದಲ ಪ್ರಶ್ನೆ. ಭಯ ಸಹಜವೇ. ಆದರೆ ಪ್ರಶ್ನೆ ಸರಿಯಾದುದಲ್ಲ.

1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಈ ಚಿಕಿತ್ಸೆಯನ್ನು ಮೊದಲು ಪ್ರಯೋಗಿಸಿದಾಗ ಅರಿವಳಿಕೆ ಇರಲಿಲ್ಲ. ಸೆಳವಿನ ರಭಸಕ್ಕೆ ರೋಗಿಗಳ ಮೂಳೆ ಮುರಿಯುತ್ತಿದ್ದುದೂ ಉಂಟು. 1975ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಚಲನಚಿತ್ರ ಇದನ್ನೇ ಶಿಕ್ಷೆಯಾಗಿ ತೋರಿಸಿತು. ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಆ ಚಿತ್ರವೇ.

ಈಗ ಭೌತವಿಜ್ಞಾನದ ಲೆಕ್ಕ ನೋಡೋಣ. ಹಳೆಯ ಯಂತ್ರಗಳು ಮನೆಯ ವಿದ್ಯುತ್ತಿನಂತೆ ಸೈನ್ ತರಂಗವನ್ನು ಹರಿಸುತ್ತಿದ್ದವು. 50 ಹರ್ಟ್ಸ್ ಆವೃತ್ತಿಯಲ್ಲಿ ಪ್ರತಿ ಅರ್ಧ ತರಂಗದ ಅವಧಿ 10 ಮಿಲಿಸೆಕೆಂಡು. ನರಕೋಶ ಉದ್ದೀಪನಗೊಳ್ಳಲು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಮಯ ಸಾಕು. ಹೆಚ್ಚಿನದೆಲ್ಲ ವ್ಯರ್ಥ, ಅಷ್ಟೇ ಅಲ್ಲ, ನೆನಪಿಗೆ ಹಾನಿಕರ. ಇಂದಿನ ಯಂತ್ರಗಳು ಚಿಕ್ಕ ಚಿಕ್ಕ ಸ್ಪಂದಗಳನ್ನು ಕೊಡುತ್ತವೆ. ಉದಾಹರಣೆಗೆ, 0.8 ಆಂಪೇರ್ ಪ್ರವಾಹ, 0.5 ಮಿಲಿಸೆಕೆಂಡಿನ ಸ್ಪಂದ, ಸೆಕೆಂಡಿಗೆ 140 ಸ್ಪಂದಗಳಂತೆ 4 ಸೆಕೆಂಡು ಎಂದುಕೊಳ್ಳಿ. ವಿದ್ಯುತ್ ನಿಜವಾಗಿ ಹರಿಯುವುದು 0.28 ಸೆಕೆಂಡು ಮಾತ್ರ. ಒಟ್ಟು ವಿದ್ಯುದಾವೇಶ 224 ಮಿಲಿಕೂಲಮ್. ವೋಲ್ಟ್ ತಲೆಯ ರೋಧಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ವೈದ್ಯರು ಪ್ರಮಾಣವನ್ನು ಅಳೆಯುವುದು ವಿದ್ಯುದಾವೇಶದಲ್ಲಿ.

ಹಾಗೆಂದು ಈ ಚಿಕಿತ್ಸೆಯನ್ನು ಹೊಗಳುವವರ ಮಾತನ್ನೂ ಪೂರ್ತಿ ಒಪ್ಪಲಾಗದು. ವಿದ್ಯುತ್ ಹರಿಸದ ಹುಸಿ ಚಿಕಿತ್ಸೆಗಿಂತ ನಿಜವಾದದ್ದು ಮೇಲೆಂದು 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವಿಮರ್ಶೆ ತೀರ್ಮಾನಿಸಿತು. ಆದರೆ ಅದು ಆಧರಿಸಿದ ಆ ಹೋಲಿಕೆಯ ಪ್ರಯೋಗಗಳು ಚಿಕ್ಕವು, ಹಳೆಯವು. ಸೆಳವು ಖಿನ್ನತೆಯನ್ನು ಹೇಗೆ ಇಳಿಸುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪಿದ ವಿವರಣೆ ಇನ್ನೂ ಇಲ್ಲ. ಗುಣವಾದ ಮೇಲೆ ಔಷಧಿ ಮುಂದುವರಿಸದಿದ್ದರೆ ಅನೇಕರಲ್ಲಿ ರೋಗ ಮರುಕಳಿಸುತ್ತದೆ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಅಳಿಸಿಹೋಗಬಹುದು. ಕೆಲವರಿಗೆ ಹಿಂದಿನ ವರ್ಷಗಳ ನೆನಪೂ ಮರಳುವುದಿಲ್ಲ. ಮಗಳ ಮದುವೆಯನ್ನೇ ಮರೆತವರಿಗೆ 'ಅಡ್ಡ ಪರಿಣಾಮ ಅಲ್ಪ' ಎನ್ನುವುದು ಸಮಾಧಾನವಾದೀತೇ?

ನಮ್ಮ ದೇಶದಲ್ಲಿ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇದನ್ನು ಕೊಡುವ ರೂಢಿ ಬಹುಕಾಲ ಉಳಿದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅದನ್ನು ನಿಷೇಧಿಸಿದೆ. ಅಪ್ರಾಪ್ತ ವಯಸ್ಕರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಪೂರ್ವಾನುಮತಿಯೂ ಬೇಕು.

ಆದ್ದರಿಂದ ಓದುಗರೇ, ನಿಮ್ಮ ಮನೆಯವರಿಗೆ ಈ ಚಿಕಿತ್ಸೆ ಸೂಚಿಸಿದರೆ ಹೆದರಿ ಓಡಬೇಡಿ, ಕಣ್ಣು ಮುಚ್ಚಿ ಸಹಿ ಹಾಕಲೂ ಬೇಡಿ. ಅರಿವಳಿಕೆ ಯಾರು ಕೊಡುತ್ತಾರೆ? ಸ್ಪಂದದ ಅವಧಿ ಎಷ್ಟು? ಎಲೆಕ್ಟ್ರೋಡುಗಳು ಎರಡೂ ಕಡೆಯೋ, ನೆನಪಿಗೆ ಕಡಿಮೆ ತೊಂದರೆ ಕೊಡುವ ಒಂದೇ ಕಡೆಯೋ? ನೆನಪಿನ ಶಕ್ತಿಯನ್ನು ಮೊದಲೂ ಆಮೇಲೂ ಪರೀಕ್ಷಿಸುತ್ತಾರೆಯೇ? ಮುಂದಿನ ಔಷಧಿ ಯಾವುದು? ಈ ಪ್ರಶ್ನೆಗಳನ್ನು ಕೇಳಿ. ಉತ್ತರ ಪಡೆಯುವುದು ನಿಮ್ಮ ಹಕ್ಕು. ಸಾವಿನಂಚಿನ ಖಿನ್ನತೆಯಲ್ಲಿ ಈ ಚಿಕಿತ್ಸೆ ಜೀವ ಉಳಿಸಬಲ್ಲದು. ಆದರೆ ಉಳಿದ ಜೀವಕ್ಕೆ ಅದರ ನೆನಪುಗಳೂ ಬೇಕು.