ನೆಲದ ಮೇಲಣ ಕಲೆ: ರಿಸ್ಟೆಲ್ಯೂಬೆರ್ ಅವರ ಮರುಭೂಮಿಚಿತ್ರಗಳು

ಯುದ್ಧವನ್ನು ಕುರಿತ ಛಾಯಾಚಿತ್ರದಲ್ಲಿ ನಾವು ಸಾಮಾನ್ಯವಾಗಿ ನಿರೀಕ್ಷಿಸುವುದು ನೊಂದವರ ಮುಖವನ್ನು. ಫ್ರಾನ್ಸಿನ ಸೋಫಿ ರಿಸ್ಟೆಲ್ಯೂಬೆರ್ ಅವರ ‘ಫೇ’ ಎಂಬ ಚಿತ್ರಮಾಲೆಯಲ್ಲಿ ಆ ಮುಖವಿಲ್ಲ. 1991ರ ಫೆಬ್ರವರಿಯಲ್ಲಿ ಕೊಲ್ಲಿ ಯುದ್ಧವು ಮುಗಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆಕೆ ಕುವೈತಿನ ಮರುಭೂಮಿಗೆ ಹೋಗಿ, ಬಾಂಬಿನ ಕುಳಿಗಳನ್ನೂ ಸೈನಿಕರ ಕಂದಕಗಳನ್ನೂ ವಾಹನಗಳ ಜಾಡುಗಳನ್ನೂ ಆಕಾಶದಿಂದ ಕೆಲವು, ನೆಲದ ಮೇಲೆ ನಿಂತು ಕೆಲವು ಎಂಬಂತೆ ಚಿತ್ರಿಸಿದರು. 71 ಚಿತ್ರಗಳ ಈ ಮಾಲೆ 1992ರಲ್ಲಿ ಪುಸ್ತಕರೂಪವನ್ನೂ ತಾಳಿತು. ಫ್ರೆಂಚ್ ಭಾಷೆಯಲ್ಲಿ ‘ಫೇ’ ಎಂದರೆ ‘ಸಂಗತಿ’ ಎಂದೂ ‘ಮಾಡಿದುದು’ ಎಂದೂ ಅರ್ಥ. ನಿಸರ್ಗದ ವಿಕಾರದಂತೆ ತೋರುವ ಇದೆಲ್ಲವೂ ಮನುಷ್ಯಕೃತ್ಯವೆಂಬುದು ಹೆಸರಿನಲ್ಲಿಯೇ ಸೂಚಿತವಾಗಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಮೇಲಿನಿಂದ ನೋಡುವುದು ಬಾಂಬು ಹಾಕಿದವನ ದೃಷ್ಟಿಯೇ ಅಲ್ಲವೆ? ಆ ಎತ್ತರದಿಂದ ಕುಳಿಗಳ ಸಾಲು ರಂಗವಲ್ಲಿಯಂತೆ ಅಂದವಾಗಿ ಕಂಡರೆ, ಸತ್ತವರ ನೋವು ಬರಿಯ ವಿನ್ಯಾಸವಾಗಿಬಿಡುವುದಿಲ್ಲವೆ? ಆಕ್ಷೇಪವು ಲಘುವಾದುದಲ್ಲ. ಮಾಲೆಯಿಂದ ಒಂದೇ ವೈಮಾನಿಕ ಚಿತ್ರವನ್ನು ಬಿಡಿಸಿ ತೂಗುಹಾಕಿದರೆ ಅದಕ್ಕೆ ಉತ್ತರ ಹೇಳುವುದು ಕಷ್ಟವೆಂದೇ ನಮ್ಮ ಮತ.

ಆದರೆ ಇಂಥ ಕೃತಿಯನ್ನು ಇಡಿಯಾಗಿ ನೋಡಬೇಕು. ಪ್ರದರ್ಶನದಲ್ಲಿ ಈ ಚಿತ್ರಗಳನ್ನು ಗೋಡೆಯ ಮೇಲೆ ಒತ್ತೊತ್ತಾಗಿ ಜೋಡಿಸುತ್ತಾರೆ. ಹಲವು ಚಿತ್ರಗಳಲ್ಲಿ ದಿಗಂತವಿಲ್ಲ. ಅಳತೆಗೆ ಆಧಾರವಾಗುವ ವಸ್ತುವೂ ಇಲ್ಲ. ಕಾಣುವುದು ಉದ್ದನೆಯ ಕಂದಕವೋ ಗೇಣುದ್ದದ ಗೀರೋ ತಿಳಿಯದೆ ಕಣ್ಣು ತಡವರಿಸುತ್ತದೆ. ಬಾಂಬು ಹಾಕುವವನಿಗೆ ಬೇಕಾದುದು ದೂರ ಅಳತೆಗಳ ನಿಶ್ಚಿತ ಜ್ಞಾನ; ನೋಡುವ ನಮಗೆ ಇಲ್ಲಿ ದೊರೆಯದಿರುವುದು ಅದೇ. ಹೀಗೆ ಎತ್ತರದ ಅಧಿಕಾರವನ್ನು ಕಲಾವಿದೆ ನಮ್ಮಿಂದ ಕಿತ್ತುಕೊಳ್ಳುತ್ತಾರೆ. ಅದೇ ಮಾಲೆಯಲ್ಲಿ, ಮರಳಿನ ಮೇಲೆ ಬಿಟ್ಟುಹೋದ ಹೊದಿಕೆಗಳು ಸಮೀಪದಿಂದ ಕಂಡಾಗ, ಆ ನೆಲದಲ್ಲಿ ಯಾರೋ ಮಲಗಿದ್ದರೆಂಬುದು ಹೊಳೆಯುತ್ತದೆ. ಮುಖವನ್ನು ತೋರದೆ ಮನುಷ್ಯನನ್ನು ಹೊಳೆಯಿಸುವ ಈ ಕ್ರಮವು ನಮ್ಮ ಆಲಂಕಾರಿಕರು ಹೇಳಿದ ಧ್ವನಿಗೆ ದೂರವಾದುದಲ್ಲ.

ಕನ್ನಡದಲ್ಲಿ ‘ಕಲೆ’ ಎಂಬ ಮಾತು ಗಾಯದ ಗುರುತಿಗೂ ಸಲ್ಲುತ್ತದೆ, ಚಿತ್ರ ಶಿಲ್ಪಾದಿಗಳಿಗೂ ಸಲ್ಲುತ್ತದೆ. ಉಚ್ಚಾರಣೆ ಒಂದೇ, ಅರ್ಥ ಬೇರೆ. ಗಾಯದ ಕಲೆ ತಾನಾಗಿಯೇ ಚಿತ್ರಕಲೆಯಾಗುವುದಿಲ್ಲ. ಅದನ್ನು ಅಂದವೆಂದು ಮೆಚ್ಚಿ ಮುಂದೆ ಸಾಗಲು ನೋಡುಗನಿಗೆ ಎಡೆಗೊಡದಿರುವಲ್ಲಿ ಕಲಾವಿದನ ಹೊಣೆಯಿದೆ. ಮರಳು ಕುಳಿಗಳನ್ನು ಬೇಗನೆ ಮುಚ್ಚುತ್ತದೆ; ಸುದ್ದಿಯನ್ನು ಮರೆವು ಅದಕ್ಕಿಂತ ಬೇಗ ಮುಚ್ಚುತ್ತದೆ. ರಿಸ್ಟೆಲ್ಯೂಬೆರ್ ಆ ಹೊಣೆಯನ್ನು ಅರಿತು ನಡೆದಿರುವುದರಿಂದಲೇ ಅವರ ಚಿತ್ರಗಳು ದಾಖಲೆಯ ಮಟ್ಟವನ್ನು ಮೀರಿ ನಿಲ್ಲುತ್ತವೆ.